ಕೆಡಿಸುವುದಕ್ಕೂ ಸೇರಿ ಫೀಸು

ಶಾಲು ಹೊದ್ದು ಕೂರುವಷ್ಟು ಚಳಿ ಗಂಗಾವತಿಯಲ್ಲಿ ನನಗೆ ಯಾವತ್ತೂ ಆಗಿಲ್ಲ. ಊರಿನ ಸಂಗೀತ ಸಂಘದ ಅಧ್ಯಕ್ಷರಿಗೆ ಇದನ್ನೇ ಹೇಳಿದೆ. ಅವರಿಗೆ ಸಿಟ್ಟು ಬಂತು.

ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅನ್ನುತ್ತಾರೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ ಎಲ್ಲಿಗೇ ಹೋಗಿ, ಭಜನೆ ಇಲ್ಲದ ಊರು ಕಡಿಮೆ, ಪೇಟಿ ಇಲ್ಲದ ಭಜನೆ ಇನ್ನೂ ಕಡಿಮೆ. ಆದರೆ ಶ್ರುತಿ ಕೆಟ್ಟ ಪೇಟಿಯನ್ನು ಸರಿ ಮಾಡುವವರನ್ನು ಎಣಿಸಲು ಒಂದು ಕೈಯ ಬೆರಳುಗಳೂ ಹೆಚ್ಚು. ಆ ಬೆರಳುಗಳಲ್ಲಿ ನಾನೊಬ್ಬಳು. ಅಬ್ಬಾನ, ಅಂದರೆ ನಮ್ಮಪ್ಪನ, ಕಾಲದಿಂದ ಇರುವ ಪುಟ್ಟ ಅಂಗಡಿ, ಎರಡು ಮೇಜು, ಗೋಡೆ ತುಂಬ ಬಿಚ್ಚಿಟ್ಟ ಪೇಟಿಗಳು. ಕೆಲಸ ತಿಂಗಳುಗಟ್ಟಲೆ ಹಿಂದೆ ಬಿದ್ದಾಗ, ನಾಲ್ಕು ಜನರಿಗೆ ಈ ವಿದ್ಯೆ ಕಲಿಸಿಬಿಡೋಣ ಎಂದು ತೀರ್ಮಾನಿಸಿದೆ. ಮೂರು ತಿಂಗಳು, ವಾರಕ್ಕೆ ಎರಡು ದಿನ, ತಲೆಗೆ ಮೂರು ಸಾವಿರ. ಒಂದು ಹಲಗೆಯ ಮೇಲೆ ಬರೆದು ಅಂಗಡಿಯ ಬಾಗಿಲಿಗೆ ತೂಗುಹಾಕಿದೆ.

ಮೂರನೇ ದಿನ ಅಧ್ಯಕ್ಷರು ಬಂದರು. ಹಲಗೆಯನ್ನು ಎರಡು ಸಲ ಓದಿದರು.

"ಏನವಾ ಇದು, ಸರಸ್ವತಿನ್ನ ತಕ್ಕಡ್ಯಾಗ ಇಟ್ಟು ಮಾರಾಕ ಕುಂತಿ? ನಿಮ್ಮಪ್ಪ ಯಾರ ಕಡೆನೂ ಒಂದು ಪೈಸೆ ತಗೊಂಡಿರಲಿಲ್ಲ. ನಮ್ಮ ಹಾಲ್ ಕೊಡ್ತೀವಿ, ಪುಕಟ ಕಲಿಸು. ವರ್ಷದ ಕಾರ್ಯಕ್ರಮದಾಗ ಶಾಲು ಹೊದಿಸಿ ಸನ್ಮಾನ ಮಾಡ್ತೀವಿ."

ಚಳಿಯ ಮಾತು ಆಡಿದ್ದು ಆಗಲೇ. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಅಷ್ಟಕ್ಕೇ ನಿಂತಿದ್ದರೆ ನಾನು ಹಲಗೆ ಬದಲಿಸುತ್ತಿರಲಿಲ್ಲ. ಆದರೆ ಸಂಜೆ ಚಾಚಾ ಬಂದರು. ಚಾಚಾ ಅಂದರೆ ಅಬ್ಬಾನ ಶಿಷ್ಯ. ಕೊಪ್ಪಳದಲ್ಲಿ ಅವರದೂ ಒಂದು ರಿಪೇರಿ ಅಂಗಡಿ ಇದೆ. ಎಪ್ಪತ್ತರ ಹತ್ತಿರದ ಮನುಷ್ಯ, ನನ್ನನ್ನು ಎತ್ತಿ ಆಡಿಸಿದವರು. ಕುಳಿತು ಚಹಾ ಕುಡಿದು, ಲೋಟ ಕೆಳಗಿಟ್ಟು, ಮೆಲ್ಲಗೆ ಹೇಳಿದರು.

"ಹುನರ್, ಕಲ್ತ ವಿದ್ಯಾ, ಮಾರಬಾರದು ಬೇಟಿ. ನಾ ಉಸ್ತಾದರ ಮನ್ಯಾಗ ಏಳು ವರ್ಷ ಇದ್ದೆ. ಒಂದು ದಿನ ಫೀಸು ಅಂದ ಮಾತು ಬಂದಿಲ್ಲ. ಮಂದಿ ಏನಂದಾರು?"

ಬೇರೆ ಯಾರು ಅಂದಿದ್ದರೂ ತಿರುಗಿಸಿ ಕೊಡುತ್ತಿದ್ದೆ. ಚಾಚಾನ ಮುಂದೆ ನನ್ನ ನಾಲಿಗೆ ಏಳಲಿಲ್ಲ. ಮರುದಿನ ಹಲಗೆ ಒರೆಸಿ ಐನೂರು ಎಂದು ಬರೆದೆ. ಸಂಘದ ಹಾಲಿಗೂ ಒಪ್ಪಿಕೊಂಡೆ. ಈಗಲೂ ನೆನಸಿಕೊಂಡರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಐನೂರಕ್ಕೆ ಹದಿನೆಂಟು ಜನ ಬಂದರು. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವವರೇ ಅರ್ಧ. ಉಳಿದವರಲ್ಲಿ ಮೂವರು ಮಾತ್ರ ಮೊದಲ ದಿನದಿಂದ ನನ್ನ ಕಣ್ಣಿಗೆ ಬಿದ್ದರು. ಹತ್ತಿರದ ಮರಳಿ ಊರಿನ ಸಾಲಿ ಮಾಸ್ತರರು. ಕುಷ್ಟಗಿಯ ಒಬ್ಬ ಬಡಿಗ, ಪೇಟಿಯ ಕಟ್ಟಿಗೆ ಕೆಲಸ ಬಲ್ಲವನು. ಇನ್ನೊಬ್ಬಳು ಹುಲಿಹೈದರದ ಹೆಣ್ಣುಮಗಳು. ತಮ್ಮೂರಿನ ಹತ್ತು ಹನ್ನೆರಡು ಹೆಂಗಸರ ಜೊತೆ ಟಂಟಂ ಆಟೊದಲ್ಲಿ ಮರಳಿ ಕಡೆಯ ಗದ್ದೆಗಳಿಗೆ ನಾಟಿಗೆ ಬರುವವಳು. ಆ ಹೆಂಗಸರದೇ ಒಂದು ಭಜನೆ ತಂಡ, ಅದಕ್ಕೆ ಪೇಟಿ ನುಡಿಸುವವಳು ಇವಳೇ. ಒಂದು ಹಂಗಾಮಿನಲ್ಲಿ ಎಲ್ಲರೂ ಎರಡೆರಡು ದಿನದ ಕೂಲಿ ಹಾಕಿ ಆ ಪೇಟಿ ಕೊಂಡಿದ್ದರಂತೆ.

ಪೇಟಿಯೊಳಗೆ ಹಿತ್ತಾಳೆಯ ರೀಡುಗಳಿರುತ್ತವೆ. ಒಂದೊಂದು ರೀಡಿಗೂ ಒಂದು ತೆಳು ನಾಲಿಗೆ. ತಿದಿ ಒತ್ತಿದಾಗ ಗಾಳಿ ಬಂದು ಆ ನಾಲಿಗೆ ನಡುಗಿ ಸ್ವರ ಹೊರಡುತ್ತದೆ. ನಾಲಿಗೆಯ ತುದಿಯನ್ನು ಅರದಿಂದ ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಇದನ್ನು ಹೇಳಲು ಅರ್ಧ ನಿಮಿಷ ಸಾಕು. ಎಷ್ಟು ಕೆರೆಯಬೇಕು ಅನ್ನುವುದನ್ನು ಕಿವಿ ಹೇಳಬೇಕು. ಎರಡು ರೀಡು ಕೂಡಿ ನುಡಿಯುವಾಗ ಹೊಂದದಿದ್ದರೆ ನಡುವೆ ವಂವ್ ವಂವ್ ಎಂದು ಒಂದು ಅಲೆ ಏಳುತ್ತದೆ. ಹೊಂದುತ್ತ ಬಂದ ಹಾಗೆ ಅಲೆ ನಿಧಾನವಾಗುತ್ತದೆ, ಆಮೇಲೆ ನಿಲ್ಲುತ್ತದೆ. ಆ ಅಲೆಯನ್ನು ಕೇಳಲು ಬಂದವರಿಗೆ ಅರ್ಧ ವಿದ್ಯೆ ಬಂದ ಹಾಗೆ.

ಆ ಹಾಲಿನಲ್ಲಿ ಅಲೆ ಎಲ್ಲಿಂದ ಕೇಳಬೇಕು? ಮೇಲೆ ಮೂರು ಫ್ಯಾನು ಗರಗರ ಅನ್ನುತ್ತಿದ್ದವು. ಬೇಸಿಗೆ, ಬಂದ್ ಮಾಡಿದರೆ ಹದಿನೆಂಟು ಜನ ಬೆವರಿ ಎದ್ದು ಹೊರಗೆ ಹೋಗುತ್ತಿದ್ದರು. ಇಬ್ಬರು ಒಟ್ಟಿಗೆ ರೀಡು ನುಡಿಸಿದರೆ ಇಬ್ಬರಿಗೂ ಏನೂ ತಿಳಿಯುವುದಿಲ್ಲ, ಹಾಗಾಗಿ ಒಬ್ಬೊಬ್ಬರಾಗಿಯೇ ಕೂರಬೇಕು. ಮೂರು ತಾಸಿನ ಪಾಠದಲ್ಲಿ ಒಬ್ಬೊಬ್ಬರಿಗೆ ಹತ್ತು ನಿಮಿಷ. ಉಳಿದವರು ಹರಟೆ. ಕೆಲವರು ಫೋನಿನಲ್ಲಿ ಶ್ರುತಿಯ ಮುಳ್ಳು ತೋರಿಸುವ ಆ್ಯಪ್ ಇಟ್ಟುಕೊಂಡು, ಕಿವಿ ಯಾಕೆ ಬೇಕು ಎಂದು ಕೂತರು. ಗುಂಪಿನಲ್ಲಿ ಗೋವಿಂದ ಅಂತಾರಲ್ಲ, ಅದೇ ಆಯಿತು.

ಈ ಕೆಲಸದ ಕೊನೆಯ ಹಂತ ಒಂದಿದೆ. ಮೇಜಿನ ಮೇಲಿನ ಪರೀಕ್ಷೆ ತಿದಿಯಲ್ಲಿ ರೀಡು ಹೇಗೆ ನುಡಿಯುತ್ತದೋ, ಪೇಟಿಯೊಳಗೆ ಕೂರಿಸಿ ಮುಚ್ಚಳ ಹಾಕಿದ ಮೇಲೆ ಹಾಗೆ ನುಡಿಯುವುದಿಲ್ಲ. ಸ್ವಲ್ಪ ಕುಗ್ಗುತ್ತದೆ, ಅದೂ ಒಂದೊಂದು ಒಂದೊಂದು ಥರ. ಆದ್ದರಿಂದ ಮೇಜಿನ ಮೇಲೆ ಪೂರ್ತಿ ಕೆರೆದು ಮುಗಿಸಬಾರದು. ಕೂರಿಸಿ, ಮುಚ್ಚಿ, ಕೇಳಿ, ಮತ್ತೆ ಬಿಚ್ಚಿ, ಒಂದೇ ಒಂದು ಸಲ ಅರ ಎಳೆದು, ಮತ್ತೆ ಕೂರಿಸಿ ಮುಚ್ಚಬೇಕು. ಅಬ್ಬಾ ಇದಕ್ಕೆ ಬಂದ್ ಪೇಟಿಯ ಶ್ರುತಿ ಅನ್ನುತ್ತಿದ್ದ. ಇದನ್ನು ನಾನು ಹೇಳಿದ್ದೆ. ಹದಿನೆಂಟು ಜನರಿಗೆ ಒಂದೇ ಸಲ, ಫ್ಯಾನಿನ ಸದ್ದಿನಲ್ಲಿ ಹೇಳಿದ್ದೆ. ಮಾಡಿಸಿ ತೋರಿಸಲು ಸಮಯವೇ ಸಿಗಲಿಲ್ಲ.

ಎರಡನೇ ತಿಂಗಳ ಕೊನೆಗೆ ಹುಲಿಹೈದರದವಳು ಪಾಠಕ್ಕೆ ಬರಲಿಲ್ಲ. ಮುಂದಿನ ವಾರ ಅಂಗಡಿಗೆ ಬಂದಳು, ತಲೆಯ ಮೇಲೆ ಸೀರೆಯಲ್ಲಿ ಕಟ್ಟಿದ ಪೇಟಿ. ಇಳಿಸಿಟ್ಟು, ನಿಂತೇ ಇದ್ದಳು.

"ಏನಾತು?" ಅಂದೆ.

"ನಮ್ಮ ಭಜನಿ ಪೇಟಿಗೆ ನೀವು ಹೇಳಿದಂಗ ಮಾಡೀನ್ರಿ ಆಪಾ. ಮೇಜಿನ ಮ್ಯಾಲ ಎಲ್ಲಾ ಛಲೋ ಕೂಡಿದ್ವು. ಒಳಗ ಹಾಕಿ ಮುಚ್ಚಿದೆ, ಕೆಟ್ಟು ಹೋತು. ಮತ್ತ ತೆಗೆದು ತುದಿ ಕೆರದೆ. ಭಾಳ ಏರಿತು. ಬುಡ ಕೆರದೆ. ಮತ್ತ ತುದಿ."

ಪೇಟಿ ಬಿಚ್ಚಿ ನೋಡಿದೆ. ನಾಲಿಗೆಗಳು ಬುಡದಲ್ಲಿ ಕಾಗದದ ಹಾಗೆ ತೆಳುವಾಗಿದ್ದವು. ಒಂಬತ್ತು ಮುರಿದೇ ಹೋಗಿದ್ದವು. ಉಳಿದವು ಕೆಮ್ಮುತ್ತಿದ್ದವು.

"ನಿಮ್ಮ ಹೆಣ್ಮಕ್ಕಳು ಏನಂದ್ರು?" ಅಂದೆ.

"ಮೊದಲಿನಂಗ ಮಾಡಿ ತಗೊಂಬಾ, ಇಲ್ಲಂದ್ರ ಟಂಟಂ ಹತ್ತಬ್ಯಾಡ ಅಂದಾರ್ರಿ."

ಟಂಟಂ ಹತ್ತದಿದ್ದರೆ ಕೂಲಿ ಇಲ್ಲ. ಭಜನೆಯ ಗುಂಪೂ ಅದೇ, ದುಡಿಯುವ ಗುಂಪೂ ಅದೇ. ಆಕೆ ಅಳಲಿಲ್ಲ. ನನ್ನನ್ನು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ತಪ್ಪು ತನ್ನದೇ ಎಂದುಕೊಂಡು ನಿಂತಿದ್ದಳು. ಕಲಿಸುವೆನೆಂದು ಐನೂರು ಇಸಿದುಕೊಂಡು ನಾನು ಕಲಿಸಿರಲಿಲ್ಲ. ಮೂರು ಸಾವಿರ ಕೇಳಲು ನಾಚಿಕೊಂಡದ್ದಕ್ಕೆ ಹನ್ನೆರಡು ಹೆಂಗಸರ ಪೇಟಿ ದಂಡ ತೆತ್ತಿತ್ತು.

ಮರುದಿನವೇ ಹಾಲಿನ ಪಾಠ ನಿಲ್ಲಿಸಿದೆ. ಹದಿನೆಂಟು ಜನರಿಗೂ ಐನೂರು ವಾಪಸು ಕೊಟ್ಟೆ. ಅಧ್ಯಕ್ಷರು ಫೋನು ಮಾಡಿ, ಸಂಘದ ಹೆಸರು ಕೆಡಿಸಿದೆ ಅಂದರು. ಕೆಟ್ಟಿದ್ದು ಹೆಸರಲ್ಲ, ರೀಡು ಅಂದೆ.

ಆಮೇಲೆ ಕೂತು ಯೋಚನೆ ಮಾಡಿದೆ. ನಾನು ಹೇಗೆ ಕಲಿತೆ? ಅಬ್ಬಾನ ಹತ್ತಿರ ಹಳೆಯ ರೀಡುಗಳ ಒಂದು ಡಬ್ಬಿ ಇತ್ತು. ಹುಡುಗಿ, ಹೇಗೂ ಶಿಷ್ಯರ ಲೆಕ್ಕಕ್ಕಿಲ್ಲ ಎಂದು ಅದನ್ನು ಆಡಲು ನನ್ನ ಕೈಗೆ ಕೊಟ್ಟುಬಿಟ್ಟಿದ್ದ. ಕೆರೆದೆ, ಮುರಿದೆ, ಮತ್ತೆ ಕೆರೆದೆ. ಎಷ್ಟು ಕೆಡಿಸಿದೆನೋ ಲೆಕ್ಕವಿಲ್ಲ. ಯಾರೂ ಒಂದು ಮಾತು ಅನ್ನಲಿಲ್ಲ. ಕೆಡಿಸಲು ಡಬ್ಬಿ ಇಲ್ಲದವರು ಊರ ಪೇಟಿಯನ್ನೇ ಕೆಡಿಸಿ ಕಲಿಯಬೇಕಾಗುತ್ತದೆ. ಹುಲಿಹೈದರದವಳು ಮಾಡಿದ್ದು ಅಷ್ಟೇ.

ಹೊಸ ಹಲಗೆ ಬರೆದೆ. ಐದು ಜನ ಮಾತ್ರ. ನಾಲ್ಕು ತಿಂಗಳು. ಆರು ಸಾವಿರ. ಅದರಲ್ಲಿ ಒಬ್ಬೊಬ್ಬರಿಗೆ ನಲವತ್ತು ಹಳೆಯ ರೀಡು, ಕೆಡಿಸುವುದಕ್ಕೆ. ಅರ್ಧ ಹಣ ಸೇರುವಾಗ. ಉಳಿದರ್ಧ, ಅವರ ಕೈಯಿಂದ ಶ್ರುತಿಯಾದ ಮೊದಲ ಪೇಟಿಗೆ ಊರವರು ಕೂಲಿ ಕೊಟ್ಟ ಮೇಲೆ. ಯಾರೂ ಕೂಲಿ ಕೊಡದಿದ್ದರೆ ನನಗೂ ಕೊಡಬೇಕಾಗಿಲ್ಲ, ಏಕೆಂದರೆ ಆಗ ತಪ್ಪು ನನ್ನ ಪಾಠದ್ದು. ಕೆಳಗೆ ದಪ್ಪ ಅಕ್ಷರದಲ್ಲಿ ಇನ್ನೊಂದು ಸಾಲು ಬರೆದೆ: ಯಾರಿಗೂ ರಿಯಾಯಿತಿ ಇಲ್ಲ.

ಸಾಲಿ ಮಾಸ್ತರರು ಮೊದಲು ಬಂದರು, ಬಡಿಗ ಆಮೇಲೆ. ಯಲಬುರ್ಗಾದ ಒಬ್ಬ ದರ್ಜಿ ಸೇರಿದ. ಹುಲಿಹೈದರದವಳನ್ನು ನಾನೇ ಕರೆಸಿದೆ. ಆಕೆಯಿಂದ ಏನನ್ನೂ ತೆಗೆದುಕೊಳ್ಳಬಾರದು ಎಂದು ಮನಸ್ಸಿನಲ್ಲಿತ್ತು. ಹಲಗೆಯ ಕೊನೆಯ ಸಾಲು ನಾನೇ ಬರೆದದ್ದು, ಆದರೂ ಬಾಯಿಗೆ ಬಂದುಬಿಟ್ಟಿತು.

"ನಿನ್ನ ಕಡೆ ಬ್ಯಾಡ. ನಿನ್ನ ಪೇಟಿ ಕೆಟ್ಟದ್ದು ನನ್ನಿಂದ."

ಆಕೆ ಹಲಗೆಯ ಕಡೆ ಕೈ ತೋರಿಸಿದಳು. "ಅಲ್ಲಿ ಏನು ಬರದೀರಿ? ಓದಾಕ ಬರತೈತ್ರಿ ನನಗ. ಪೇಟಿದು ನೀವು ನೋಡಿಕೊಳ್ರಿ, ಅದು ನಿಮ್ಮ ತಪ್ಪು. ಕಲಿಯೋದು ನನ್ನದು. ಎಲ್ಲಾರಂಗ ನನಗೂ ಫೀಸು ಹಚ್ಚರಿ. ಪುಕಟ ಕುಂತ್ರ ಕಡೀ ಸಾಲಿನ್ಯಾಗ ಕುಂದ್ರಬೇಕಾಗತೈತಿ. ಹಾಲ್‌ನ್ಯಾಗ ಕುಂತು ಸಾಕಾಗೈತಿ."

ನನಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಆಕೆಯ ಪೇಟಿಗೆ ಹೊಸ ರೀಡು ನನ್ನ ಖರ್ಚಿನಲ್ಲಿ ತರಿಸಿದೆ. ಆಕೆ ಮೂರು ಸಾವಿರ ಎಲ್ಲಿಂದ ತಂದಳೋ ನಾನು ಕೇಳಲಿಲ್ಲ. ಕೇಳುವುದು ಮರ್ಯಾದೆಯಲ್ಲ.

ಐದನೆಯ ಜಾಗ ಖಾಲಿ ಇತ್ತು. ಅಷ್ಟರಲ್ಲಿ ಚಾಚಾ ಬಂದರು, ಕಂಕುಳಲ್ಲಿ ಗಿರಾಕಿಯ ಒಂದು ಪೇಟಿ. ಆರು ಸಾವಿರ ನೋಡಿ ಮುಖ ಬಿಗಿದುಕೊಂಡರು. ಆದರೆ ಈ ಸಲ ನನ್ನ ನಾಲಿಗೆ ಎದ್ದಿತ್ತು.

"ಚಾಚಾ, ಈ ಪೇಟಿ ಯಾಕ ತಂದೀರಿ?"

"ಕಡೀ ಕೆಲಸ ನೀ ಮಾಡಿಕೊಡ್ತಿಯಲ್ಲ, ಯಾವಾಗಲೂ. ಮುಚ್ಚಿದ ಮ್ಯಾಲಿಂದು."

"ಏಳು ವರ್ಷ ಅಬ್ಬಾನ ಮನ್ಯಾಗ ನೀರು ಹೊತ್ರಿ. ಸಂತಿ ಮಾಡಿದ್ರಿ. ತಿದಿ ಒತ್ತಿದ್ರಿ. ಬಂದ್ ಪೇಟಿ ಶ್ರುತಿ ಮಾಡೂವಾಗ ಅಬ್ಬಾ ನಿಮಗ ಏನು ಹೇಳ್ತಿದ್ದ?"

ಚಾಚಾ ಕಂಕುಳ ಪೇಟಿಯನ್ನು ಮೇಜಿನ ಮೇಲಿಟ್ಟರು. ಉತ್ತರ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮುಚ್ಚಳ ಹಾಕುವ ಹೊತ್ತಿಗೆ ಸರಿಯಾಗಿ ಅಬ್ಬಾ ಶಿಷ್ಯರನ್ನೆಲ್ಲ ಚಹಾ ತರಲು ಕಳಿಸುತ್ತಿದ್ದ, ಲೆಕ್ಕಕ್ಕಿಲ್ಲದ ನನ್ನೊಬ್ಬಳನ್ನು ಬಿಟ್ಟು. ಅವರು ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಅಬ್ಬಾ ಒಳ್ಳೆಯವನೇ. ಆದರೆ ಗಿರಾಕಿ ಕೈ ಬಿಟ್ಟುಹೋದಾರು ಎಂಬ ಹೆದರಿಕೆ ಅವನಿಗೂ ಇತ್ತು. ಫೀಸು ತೆಗೆದುಕೊಂಡಿದ್ದರೆ ಕಲಿಸಲೇಬೇಕಾಗುತ್ತಿತ್ತು. ತೆಗೆದುಕೊಳ್ಳದ್ದಕ್ಕೆ, ಎಷ್ಟು ಕಲಿಸಬೇಕು ಅನ್ನುವುದು ಅವನ ಮರ್ಜಿಯಾಯಿತು. ಇಷ್ಟನ್ನೂ ಹೇಳಿಬಿಟ್ಟೆ. ಸತ್ತ ತಂದೆಯ ಮೇಲೆ ಹೀಗೆ ಮಾತಾಡಬಾರದು ಎಂದು ಗೊತ್ತಿತ್ತು, ಆದರೂ ಹೇಳಿದೆ.

ಚಾಚಾ ಹಲಗೆಯನ್ನು ಇನ್ನೊಂದು ಸಲ ಓದಿದರು. ಆಮೇಲೆ ಒಳಗಿನ ಕಿಸೆಯಿಂದ ನೋಟು ತೆಗೆದು ಮೇಜಿನ ಮೇಲಿಟ್ಟರು.

"ಐದನೇದು ನನಗ ಬರಕೋ. ಪುಕಟ ಕಲ್ತದ್ದು ಭಾಳ ತುಟ್ಟಿ ಬಿತ್ತು ಬೇಟಿ."

ಹೀಗೆ ಪಾಠ ಮತ್ತೆ ಶುರುವಾಯಿತು. ಅಂಗಡಿಯ ಬಾಗಿಲು ಹಾಕಿ, ಫ್ಯಾನ್ ಬಂದ್ ಮಾಡಿ ಕೂರುತ್ತಿದ್ದೆವು. ಬೆವರು ಒರೆಸಿಕೊಳ್ಳಲು ಎಲ್ಲರ ಹೆಗಲ ಮೇಲೆ ಒಂದು ಟವೆಲ್. ಒಬ್ಬರು ರೀಡು ನುಡಿಸುವಾಗ ಉಳಿದ ನಾಲ್ವರು ಸುಮ್ಮನೆ ಕೂರುವಂತಿಲ್ಲ. ಅಲೆ ಎಷ್ಟು ಎಂದು ಎಣಿಸಿ ಪಾಟಿಯ ಮೇಲೆ ಬರೆಯಬೇಕು, ಆಮೇಲೆ ತಾಳೆ ನೋಡಬೇಕು. ಮೊದಲ ವಾರ ನಾಲ್ಕು ಪಾಟಿಯಲ್ಲಿ ನಾಲ್ಕು ಲೆಕ್ಕ. ಮಾಸ್ತರರು ಮೆಲ್ಲಗೆ ಫೋನು ತೆಗೆಯಲು ಹೋದರೆ ಚಾಚಾ ಅದನ್ನು ಕಿತ್ತು ಡಬ್ಬಿಯೊಳಗೆ ಹಾಕುತ್ತಿದ್ದರು. ರೀಡುಗಳು ಮುರಿದವು. ಬಡಿಗ ಹದಿನಾಲ್ಕು ಮುರಿದು, ಕಟ್ಟಿಗೆ ಕೆಲಸದ ಕೈ ಇದಕ್ಕೆ ಭಾರ ಎಂದು ಬೇಸರ ಮಾಡಿಕೊಂಡ. "ರೊಕ್ಕ ಕೊಟ್ಟೀದಿ, ಮುರಿ," ಅಂದೆ. "ಇನ್ನೂ ಇಪ್ಪತ್ತಾರು ಅದಾವ." ಎಲ್ಲರೂ ನಕ್ಕರು. ಆ ದಿನದಿಂದ ಅವನ ಕೈ ಹಗುರವಾಯಿತು.

ಮೂರನೇ ತಿಂಗಳು ಹುಲಿಹೈದರದ ಪೇಟಿಯನ್ನು ಮೇಜಿನ ಮೇಲೆ ಇಟ್ಟೆವು. ಹೊಸ ರೀಡುಗಳನ್ನು ಆಕೆಯೇ ಕೂರಿಸಿದಳು. ಮುಚ್ಚಿದಳು, ಕೇಳಿದಳು, ಬಿಚ್ಚಿದಳು. ಒಂದು ಸ್ವರಕ್ಕೆ ಹನ್ನೊಂದು ಸಲ ಮುಚ್ಚಿ ಬಿಚ್ಚಿದ್ದನ್ನು ನಾನು ಎಣಿಸಿದ್ದೇನೆ. ಚಾಚಾ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಚಹಾ ತರಲು ನಾನೇ ಹೋದೆ.

ಎರಡು ವಾರದ ಮೇಲೆ ಒಂದು ಸಂಜೆ, ನಾಟಿ ಮುಗಿಸಿದ ಟಂಟಂ ಅಂಗಡಿಯ ಮುಂದೆ ನಿಂತಿತು. ಕಾಲಲ್ಲಿ ಕೆಸರು ಹಾಗೇ ಇದ್ದ ಹನ್ನೊಂದು ಹೆಂಗಸರು ಇಳಿದರು. ಅವರ ಹಿರಿಯಾಕೆ ಪೇಟಿಯ ಮುಂದೆ ಕುಂತು, "ಕರಿ ಎರಡು ಹಿಡಿ," ಅಂದಳು. ಕಪ್ಪು ಮನೆಗಳಲ್ಲಿ ಎರಡನೆಯದು, ಅವರ ಭಜನೆಯ ಶ್ರುತಿ. ಹುಲಿಹೈದರದವಳು ಹಿಡಿದಳು. ಹಿರಿಯಾಕೆ ಅರ್ಧ ಪದ ಹಾಡಿ ನಿಲ್ಲಿಸಿದಳು.

"ಮೊದಲಿನಂಗ ಇಲ್ಲ," ಅಂದಳು.

ನಾನು ಅರಕ್ಕೆ ಕೈ ಹಾಕಿದೆ.

"ಮೊದಲು ನಾವು ಅದರ ಹಿಂದ ಓಡ್ತಿದ್ವಿ. ಈಗ ಅದ ನಮ್ಮ ಕೂಡ ಬರಾಕ ಹತ್ತೈತಿ. ಹತ್ತವಾ, ಹೊತ್ತಾತು."

ಹುಲಿಹೈದರದವಳು ಟಂಟಂ ಹತ್ತಿದಳು. ಪೇಟಿ ಅವಳ ತೊಡೆಯ ಮೇಲಿತ್ತು.

ಇನ್ನು ಉಳಿದದ್ದು ಆಕೆಗೆ ಕೂಲಿ ಸಿಗುವ ಮೊದಲ ಪೇಟಿ. ಅದು ಬಂದದ್ದು ಸಂಘದ ಹಾಲಿನಿಂದಲೇ. ವರ್ಷದ ಕಾರ್ಯಕ್ರಮ ಹತ್ತಿರ ಬಂದಾಗ ಅವರ ದೊಡ್ಡ ಪೇಟಿ ಕೆಟ್ಟಿತು. ಅಧ್ಯಕ್ಷರು ಹಳೆಯದನ್ನು ಮರೆತವರ ಹಾಗೆ ಫೋನು ಮಾಡಿದರು. ಕಳಿಸುತ್ತೇನೆ ಅಂದೆ. ಯಾರನ್ನು ಎಂದು ಹೇಳಲಿಲ್ಲ.

ಶಿಷ್ಯರ ಮೊದಲ ಕೂಲಿ ಕೆಲಸಕ್ಕೆ ನಾನೂ ಹೋಗಿ ಹಿಂದೆ ಗೋಡೆಗೆ ಒರಗಿ ಕೂರುತ್ತೇನೆ. ಬಾಯಿ ಬಿಡುವಂತಿಲ್ಲ. ನಾನೇ ಮಾಡಿದ ನಿಯಮ. ಹುಲಿಹೈದರದವಳು ಪೇಟಿಯ ಮುಂದೆ ಕೂತು ಮೊದಲು ಮೂರೂ ಫ್ಯಾನ್ ಬಂದ್ ಮಾಡಿಸಿದಳು. ಅಧ್ಯಕ್ಷರು ಒಮ್ಮೆ ನನ್ನನ್ನು, ಒಮ್ಮೆ ಆಕೆಯ ಬಿರುಕುಬಿಟ್ಟ ಹಿಮ್ಮಡಿಯನ್ನು ನೋಡಿದರು. ನಾಲ್ಕು ತಾಸು. ಅವರ ಅಂಗಿ ಬೆನ್ನಿಗೆ ಅಂಟಿತು, ಆದರೂ ಎದ್ದು ಹೋಗಲಿಲ್ಲ. ಕೊನೆಗೆ ಆಕೆ ಮುಚ್ಚಳ ಹಾಕಿ ಮೇಲಿಂದ ಕೆಳಗಿನವರೆಗೆ ಒಂದೊಂದೇ ಸ್ವರ ಹಿಡಿದಳು. ಎಲ್ಲೂ ಅಲೆಯಿರಲಿಲ್ಲ. ಅಧ್ಯಕ್ಷರಿಗೆ ಕಿವಿ ಇದೆ, ಅದನ್ನು ನಾನು ಒಪ್ಪುತ್ತೇನೆ. ಅವರು ತಲೆದೂಗಿದರು.

"ಛಲೋ ಮಾಡಿದಿ. ಎಷ್ಟವಾ?"

"ಎರಡು ಸಾವಿರದ ಎರಡನೂರ್ರಿ."

"ನಿಮ್ಮ ಆಪಾ ಎರಡು ಸಾವಿರ ತಗೋತಾಳ. ಮ್ಯಾಲಿನ ಎರಡನೂರು ಯಾತರದು?"

"ಹುಲಿಹೈದರದಿಂದ ಬಂದೀನ್ರಿ. ಹೋಗಬೇಕು, ಬರಬೇಕು."

"ಹೆಣ್ಮಕ್ಕಳಿಗೆ ಬಸ್ ಪುಕಟ ಐತೆಲ್ಲವಾ."

ಆಕೆ ಅರವನ್ನು ಬಟ್ಟೆಯಲ್ಲಿ ಒರೆಸಿ, ಸುತ್ತಿ, ಚೀಲಕ್ಕೆ ಹಾಕಿಕೊಂಡಳು.

"ಬಸ್ ಪುಕಟ್ರಿ. ನಾನಲ್ರಿ."

ಅಧ್ಯಕ್ಷರು ನನ್ನ ಕಡೆ ತಿರುಗಿದರು. ನಾನು ಕಿಟಕಿಯ ಕಡೆ ನೋಡುತ್ತ ಕೂತೆ. ಆಮೇಲೆ ಅವರು ಕಿಸೆಗೆ ಕೈ ಹಾಕಿದರು. ಆಕೆ ಎಣಿಸಿಕೊಂಡು, ಎದ್ದು ಹೋಗಿ ಫ್ಯಾನ್ ಹಾಕಿದಳು.